ನಾನು ಬಿಟ್ಟುಬಿಟ್ಟ ಹಾಡು

ಹಲಸೂರಿನ ಸೋಮೇಶ್ವರ ದೇವಸ್ಥಾನಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ನಮ್ಮ ಮನೆ. ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ನನ್ನ ಎಂ.ಎ. ಪರೀಕ್ಷೆಯ ನೋಟ್ಸು. ಮೂವತ್ತೈದು ವರ್ಷಗಳ ಮೇಲಾಯಿತು, ಹಳೆಯ ಪೇಪರಿನವನಿಗೆ ಹಾಕಲು ಇನ್ನೂ ಮನಸ್ಸು ಬಂದಿಲ್ಲ. ನಿಜವಾಗಿ ಅದರಲ್ಲಿ ಇರಬೇಕಾಗಿದ್ದದ್ದು ಇನ್ನೊಂದು ನೋಟ್‌ಬುಕ್ಕು. ಅದು ಇಲ್ಲ. ಅದನ್ನು ಪೇಪರಿನವನ ತಕ್ಕಡಿಗೆ ಹಾಕಿದವಳು ನಾನೇ.

ಮದುವೆಯಾಗಿ ಎರಡು ಮಕ್ಕಳಾದ ಮೇಲೆ ನಾನು ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣದಲ್ಲಿ ಕನ್ನಡ ಎಂ.ಎ.ಗೆ ಕಟ್ಟಿದೆ. ಸಾರು ಕುದಿಯುವಾಗ ಆನಂದವರ್ಧನ, ಮಕ್ಕಳು ಮಲಗಿದ ಮೇಲೆ ರಿಚರ್ಡ್ಸ್. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ, ಕಾವ್ಯದ ಜೀವ ಇರುವುದು ಬಾಯಿಬಿಟ್ಟು ಹೇಳಿದ್ದರಲ್ಲಿ ಅಲ್ಲ, ಹೇಳದೆ ಹೊಳೆಯಿಸಿದ್ದರಲ್ಲಿ ಎಂದ. ಕೇಂಬ್ರಿಜ್‌ನ ರಿಚರ್ಡ್ಸ್ ವಿದ್ಯಾರ್ಥಿಗಳಿಗೆ ಕವಿಯ ಹೆಸರು ತೆಗೆದು ಪದ್ಯಗಳನ್ನು ಮಾತ್ರ ಕೊಟ್ಟು ಅಭಿಪ್ರಾಯ ಬರೆಸಿದ. ಅವರು ಬರೆದ ಅವಾಂತರಗಳನ್ನೆಲ್ಲ ಕೂಡಿಸಿ 1929ರಲ್ಲಿ ಪುಸ್ತಕ ಮಾಡಿದ. ಹೆಸರು ಕಾಣದಿದ್ದರೆ ದೊಡ್ಡ ಕವಿಯ ಪದ್ಯಕ್ಕೂ ಬೈಗುಳ ಬೀಳುತ್ತದೆ ಎಂದು ಓದಿ ನನಗೆ ನಗು ಬಂದಿತ್ತು. ನಮ್ಮ ಮನೆಗಳಲ್ಲಿ ಸೊಸೆ ಮಾಡಿದ ಹುಳಿಯ ಕತೆಯೂ ಅದೇ ಅಲ್ಲವೇ? ಯಾರು ಮಾಡಿದ್ದು ಎಂದು ತಿಳಿಯುವ ತನಕ ಚೆನ್ನಾಗಿಯೇ ಇರುತ್ತದೆ.

ಆದರೆ ನನಗೆ ತುಂಬ ಹಿಡಿಸಿದ್ದು ಇವೆರಡೂ ಅಲ್ಲ, ಎಲ್ಲರೂ ಒಣಶಾಸ್ತ್ರ ಎನ್ನುತ್ತಿದ್ದ ಗ್ರಂಥಸಂಪಾದನೆ. ಡಿ.ಎಲ್. ನರಸಿಂಹಾಚಾರ್ಯರು ಅದರ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಪುಸ್ತಕವನ್ನೇ ಬರೆದಿದ್ದಾರೆ. ಒಂದು ಕಾವ್ಯದ ಹತ್ತು ಓಲೆಪ್ರತಿ ಸಿಕ್ಕಿದರೆ ಹತ್ತೂ ಒಂದೇ ತರ ಇರುವುದಿಲ್ಲ. ಲಿಪಿಕಾರ ತೂಕಡಿಸಿರುತ್ತಾನೆ, ಸಾಲು ಹಾರಿಸಿರುತ್ತಾನೆ, ತನಗೆ ಗೊತ್ತಿಲ್ಲದ ಮಾತು ಬಂದಾಗ ಗೊತ್ತಿರುವ ಮಾತು ಹಾಕಿರುತ್ತಾನೆ. ಅದಕ್ಕೇ ಎರಡು ಪಾಠ ಇದ್ದಾಗ ಸುಲಭವಾದದ್ದರ ಮೇಲೆ ಮೊದಲು ಅನುಮಾನಪಡಬೇಕು. ಸಂಪಾದಕ ತನ್ನ ರುಚಿಯನ್ನು ಕವಿಯ ಬಾಯಿಗೆ ತುರುಕಬಾರದು. ಒಪ್ಪದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಕೊಡಬೇಕು, ಅಕ್ಷರ ಹೋದ ಕಡೆ ಚುಕ್ಕಿ ಇಟ್ಟು ಹೋಗಿದೆ ಎಂದು ತೋರಿಸಬೇಕು. ಇದನ್ನೆಲ್ಲ ನಾನು ಉರು ಹೊಡೆದೆ. ಆ ಪತ್ರಿಕೆಯಲ್ಲಿ ಒಳ್ಳೆಯ ಅಂಕಗಳೂ ಬಂದವು.

ನಮ್ಮತ್ತೆಯ ತೌರು ಕೃಷ್ಣರಾಜಪುರ. ಆಗ ಅದು ರಾಗಿ ಹೊಲ, ಕೆರೆ, ತೋಪು ಇದ್ದ ಹಳ್ಳಿ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಹಾಡು ಮಾತ್ರ ಎಷ್ಟು ಎಂದು ಲೆಕ್ಕವಿಲ್ಲ. ಬೀಸುವ ಕಲ್ಲು ಮನೆಯಿಂದ ಹೋಗಿತ್ತು, ಹಾಡು ಹೋಗಿರಲಿಲ್ಲ. ಹುಣಸೆಹಣ್ಣು ಬಿಡಿಸುವಾಗ, ಅಕ್ಕಿ ಆರಿಸುವಾಗ ತಮ್ಮಷ್ಟಕ್ಕೆ ಬರುತ್ತಿತ್ತು. 1993ರ ಬೇಸಿಗೆಯಲ್ಲಿ ನಾನು ಇನ್ನೂರು ಪುಟದ ನೋಟ್‌ಬುಕ್ಕು ತಂದು ಪಕ್ಕದಲ್ಲಿ ಕೂತು ಬರೆದುಕೊಂಡೆ. ಮುಂದಿನ ವರ್ಷ ಇಂದಿರಾನಗರದ ನಮ್ಮ ಮಹಿಳಾ ಬಳಗದ ಗೆಳತಿಯರು ಹಣ ಹಾಕಿ ಅದನ್ನು ಪುಟ್ಟ ಪುಸ್ತಕ ಮಾಡಿಸಿದರು. ಮುನ್ನುಡಿ ನನ್ನದು. ಗ್ರಂಥಸಂಪಾದನೆ ಓದಿದವಳಲ್ಲವೇ!

ಪುಸ್ತಕಕ್ಕೆ ಪ್ರತಿ ಮಾಡುವಾಗ ನಾನು ಏನೇನು ಮಾಡಿದೆ, ಹೇಳುತ್ತೇನೆ. ಅತ್ತೆಯ 'ಅಟ್ಟಿ'ಯನ್ನು 'ಹಟ್ಟಿ' ಮಾಡಿದೆ, 'ಆಲ'ನ್ನು 'ಹಾಲು' ಮಾಡಿದೆ. ನಾನು ಮೈಸೂರಿನ ಮೇಷ್ಟರ ಮಗಳು, ಹಕಾರ ಬಿಟ್ಟರೆ ಕಿವಿಗೆ ಮುಳ್ಳು. ಮದುವೆಯಲ್ಲಿ ಬೀಗತಿಯರನ್ನು ಛೇಡಿಸುವ ನಾಲ್ಕೈದು ಪೋಲಿ ಹಾಡುಗಳನ್ನು ಬಿಟ್ಟೆ. ಕೊನೆಯದಾಗಿ ಇನ್ನೊಂದು ಹಾಡನ್ನೂ ಬಿಟ್ಟೆ. ಅದರಲ್ಲಿ ಪೋಲಿ ಏನೂ ಇರಲಿಲ್ಲ. ರಾತ್ರಿ ಮನೆಗೆ ಬಾರದ ಗಂಡನಿಗೆ, ಅವನು ಹೋಗುವ ಮನೆಯ ಬಾಗಿಲಿಗೆ, ಆ ಬಾಗಿಲಿನ ದೀಪಕ್ಕೆ ಒಬ್ಬಳು ಹಾಕುವ ಶಾಪ. ಅತ್ತೆ ಅದನ್ನು ಹಾಡಿದ್ದು ಒಂದೇ ಸಲ, ತಲೆ ಎತ್ತದೆ. ಮಾವನವರು ಬದುಕಿದ್ದರು. ಹಲಸೂರು ಆಗ ಸಣ್ಣ ಊರು, ಎಲ್ಲರಿಗೂ ಎಲ್ಲ ಗೊತ್ತು. ಮನೆಯ ಮಾನ ನನ್ನ ಕೈಯಲ್ಲಿದೆ ಎಂದುಕೊಂಡೆ. ಅಚ್ಚಾದ ಮೇಲೆ ಕರಡಿನ ನೋಟ್‌ಬುಕ್ಕನ್ನು ಇನ್ನೇಕೆ ಎಂದು ಹಾಕಿಬಿಟ್ಟೆ.

ಪುಸ್ತಕ ಬಂದ ದಿನ ನನ್ನ ಮಗಳು ಅಜ್ಜಿಗೆ ಅದನ್ನು ಮೊದಲಿನಿಂದ ಕೊನೆತನಕ ಓದಿ ಹೇಳಿದಳು. ಅತ್ತೆ ಅಟ್ಟೆಯ ಮೇಲೆ ಕೈಯಾಡಿಸುತ್ತ ಕೇಳಿದರು. ಮುಗಿದ ಮೇಲೆ, "ಚೆನ್ನಾಗೈತೆ ಕಣವ್ವಾ. ನಂದು ಎಲ್ಲೈತೆ?" ಎಂದರು. ಎಲ್ಲ ನಿಮ್ಮದೇ ಅಲ್ಲವೇ ಎಂದೆ. ಅವರು ಏನೂ ಅನ್ನಲಿಲ್ಲ. 1996ರಲ್ಲಿ ಹೋಗಿಬಿಟ್ಟರು.

ಬೆಂಗಳೂರು ನಾಗರತ್ನಮ್ಮನವರ ಹೆಸರು ನೀವು ತಿರುವೈಯಾರಿನ ತ್ಯಾಗರಾಜರ ಸಮಾಧಿಯ ಜೊತೆ ಕೇಳಿರುತ್ತೀರಿ. ನಾನೂ ಅಷ್ಟೇ ಕೇಳಿದ್ದೆ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ನಮ್ಮ ಊರಿನ ಹೆಸರು ಹೊತ್ತು ಮದರಾಸಿಗೆ ಹೋಗಿ ದೊಡ್ಡ ಗಾಯಕಿಯಾದ ದೇವದಾಸಿ ಕುಲದ ಹೆಣ್ಣು. ಅವರು ಗ್ರಂಥಸಂಪಾದಕಿಯೂ ಹೌದು ಎಂದು ಓದಿದ್ದು ಅತ್ತೆ ಹೋಗಿ ಎಷ್ಟೋ ವರ್ಷಗಳ ಮೇಲೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬುವಳು ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ಕೃಷ್ಣ ಇನ್ನೊಬ್ಬಳನ್ನು ಮದುವೆಯಾದಾಗ ರಾಧೆಗೆ ಬರುವ ಸಿಟ್ಟು, ಸಂಕಟ, ಅವನು ಬಂದು ಸಮಾಧಾನ ಮಾಡುವುದು, ಇದು ಕಾವ್ಯದ ವಸ್ತು. 1887ರಲ್ಲಿ ಅದು ಮೊದಲು ಅಚ್ಚಾದಾಗ ಹಲವು ಪದ್ಯಗಳನ್ನು ಕೈಬಿಟ್ಟಿದ್ದರು. ಮುದ್ದುಪಳನಿ ತನ್ನ ಅಜ್ಜಿ, ತಾಯಂದಿರ ವಂಶವನ್ನು ಹೇಳಿಕೊಂಡ ಪೀಠಿಕೆಯನ್ನೂ ಬಿಟ್ಟಿದ್ದರು. ನಾಗರತ್ನಮ್ಮ ಹಸ್ತಪ್ರತಿ ದೊರಕಿಸಿಕೊಂಡು, ಎದುರಿಗಿಟ್ಟು ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲೇ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯ ನಡತೆಯನ್ನೇ ಎತ್ತಿ, ಹೆಣ್ಣಿನ ಬಾಯಿಂದ ಬರಬಾರದ ಪದ್ಯಗಳಿವು ಎಂದು ಬರೆದಿದ್ದರು. ನಾಚಿಕೆ ಎಂಬುದು ಹೆಂಗಸರಿಗೆ ಮಾತ್ರವೋ ಎಂದು ನಾಗರತ್ನಮ್ಮ ಮುನ್ನುಡಿಯಲ್ಲೇ ಕೇಳಿದರು. ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯ ಬರುವ ಹೊತ್ತಿಗೆ, ಮತ್ತೆ ಅಚ್ಚಾದದ್ದು 1952ರಲ್ಲಿ. ನಾಗರತ್ನಮ್ಮ ತೀರಿಕೊಂಡದ್ದೂ ಅದೇ ವರ್ಷ.

ವೀರೇಶಲಿಂಗಂ ಕೆಟ್ಟವರಲ್ಲ. ವಿಧವೆಯರಿಗೆ ಮದುವೆ ಮಾಡಿಸಿ ಊರಿನ ಬೈಗುಳ ತಿಂದವರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ನನ್ನನ್ನು ನಿದ್ದೆಗೆಡಿಸಿದ್ದು ಅದೇ. ಹೆಣ್ಣಿನ ಒಳ್ಳೆಯದಕ್ಕೇ ಕತ್ತರಿ ಹಿಡಿಯುವವರ ಸಾಲಿನಲ್ಲಿ ಪೇಟ ತೊಟ್ಟವರು ಮಾತ್ರ ಇಲ್ಲ, ಸೆರಗು ಹೊದ್ದ ನಾನೂ ಇದ್ದೇನೆ.

ಆದರೂ ಒಂದು ಮಾತು ನನ್ನ ಪರವಾಗಿ ಹೇಳಿಕೊಳ್ಳಲೇ? ಮುದ್ದುಪಳನಿ ತನ್ನ ಹೆಸರು ಹಾಕಿ, ವಂಶ ಹೇಳಿ ಬರೆದವಳು, ಓದಲಿ ಎಂದು ಬರೆದವಳು. ನಮ್ಮತ್ತೆ ಹಾಡಿದ್ದು ಬಾಗಿಲು ಮುಂದೆ ಮಾಡಿದ ಕೋಣೆಯಲ್ಲಿ, ನನ್ನೊಬ್ಬಳ ಎದುರು. ಅದನ್ನು ಹಾಗೇ ಅಚ್ಚು ಹಾಕಿ ಊರಿಗೆಲ್ಲ ಹಂಚಿದ್ದರೆ ಅದು ಮಾತ್ರ ನ್ಯಾಯವೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಎಷ್ಟೋ ದಿನ ನೆಮ್ಮದಿಯಾಗಿದ್ದೆ. ಆಮೇಲೆ ಹೊಳೆಯಿತು: ಹಾಕಲೇ, ಬಿಡಲೇ ಎಂದು ನಾನು ಅವರನ್ನು ಕೇಳಿಯೇ ಇರಲಿಲ್ಲ. ಮೂರು ಮಾರು ದೂರದಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಓಲೆಗರಿಯ ಸಂಪಾದಕರಿಗೆ ಸತ್ತ ಕವಿಯನ್ನು ಕೇಳುವ ಭಾಗ್ಯ ಇರುವುದಿಲ್ಲ. ನನಗಿತ್ತು.

ಹೋದ ವರ್ಷ ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರಕ್ಕೆ ಹೋದೆ. 2023ರಿಂದ ನಡುವೆ ಇಳಿಯದೆ ಹೋಗಬಹುದು, ಮಂಡಿನೋವಿನವರಿಗೆ ಅನುಕೂಲ. ತೂಗುಸೇತುವೆ ದಾಟಿ ಒಳಗೆ ಹೋದರೆ ಅತ್ತೆಯ ಚಿಕ್ಕಮ್ಮನ ಮಗಳ ಮನೆ. ಅವರಿಗೆ ಎಂಬತ್ತೈದು ದಾಟಿದೆ, ಕಣ್ಣು ಮಂಜು, ಗಂಟಲು ಗಟ್ಟಿ. ನನ್ನ ಪುಸ್ತಕದಿಂದ ಒಂದು ಬೀಗರ ಹಾಡು ಓದಿದೆ. ಗಂಡಿನ ಕಡೆಯವರು ಏನು ತಂದರು, ಏನು ತಂದರು ಎಂದು ಕೇಳಿ ಕೊನೆಗೆ ಒಂದು 'ಹಾಡು' ತಂದರು ಎನ್ನುವ ಹಾಡು. ಅತ್ತೆ ಅಲ್ಲಿಗೆ ಬಂದಾಗಲೆಲ್ಲ ಕಿಸಕ್ಕನೆ ನಗುತ್ತಿದ್ದರು, ಯಾಕೆಂದು ನನಗೆ ತಿಳಿದಿರಲಿಲ್ಲ. ಈ ಅಜ್ಜಿ ಮುಖ ಗಂಟಿಕ್ಕಿ, "ಆಡು ಅನ್ನಮ್ಮಾ, ಆಡು" ಎಂದು ತಿದ್ದಿದರು. ಬೀಗರೂಟಕ್ಕೆ ಮೇಯುವ ಆಡು ತರುತ್ತಾರೆಂದು ಹೆಣ್ಣಿನ ಕಡೆಯವರು ಒಲೆ ಹಚ್ಚಿ ಕಾಯುತ್ತಿದ್ದರೆ ಅವರು ಬಾಯಲ್ಲಿ ಆಡಿನ ಪದ ಹಿಡಿದುಕೊಂಡು ಬಂದರಂತೆ! ಒಂದು ಹಕಾರ ಸೇರಿಸಿ ನಾನು ಆ ಆಡನ್ನು ಕೊಂದುಹಾಕಿದ್ದೆ, ನಗುವನ್ನೂ. ಸುಲಭವಾದ ಪಾಠ.

ಪೋಲಿ ಹಾಡುಗಳಲ್ಲಿ ಮೂರು ಅವರಿಗೆ ನೆನಪಿದ್ದವು. ಮೊಮ್ಮಗನನ್ನು ಅಂಗಡಿಗೆ ಅಟ್ಟಿ ಹಾಡಿದರು. ಅಚ್ಚು ಮಾಡಬಹುದೇ ಎಂದು ಈ ಸಲ ಕೇಳಿದೆ. ಎರಡನ್ನು ಮಾಡು, ಇನ್ನೊಂದು ನಾನು ಹೋದ ಮೇಲೆ ಮಾಡು ಎಂದರು. ಹಾಗೇ ಬರೆದುಕೊಂಡಿದ್ದೇನೆ.

ಆಮೇಲೆ ಶಾಪದ ಹಾಡಿನ ಮಾತೆತ್ತಿದೆ. ನೆನಪಿದ್ದಷ್ಟು ಹೇಳಿದೆ, ಬಾಗಿಲು, ದೀಪ. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. ಅಂಥ ಹಾಡು ನಮ್ಮ ಕಡೆ ಇಲ್ಲ, ನಮ್ಮವ್ವನೂ ಹಾಡಿದ್ದಿಲ್ಲ, ಅಕ್ಕನೇ ಕಟ್ಟಿಕೊಂಡಿರಬೇಕು ಎಂದರು.

ಈಗ ಹೊಸ ನೋಟ್‌ಬುಕ್ಕಿನಲ್ಲಿ ಪ್ರತಿ ಮಾಡುತ್ತಿದ್ದೇನೆ. ಆಲು ಆಲೇ, ಅಟ್ಟಿ ಅಟ್ಟಿಯೇ. ನಲವತ್ತೊಂದನೆಯ ಪುಟದ ಮೇಲೆ ಅತ್ತೆಯ ಹೆಸರು ಬರೆದು, ಕೆಳಗೆ 'ಬಾಗಿಲು' ಎಂದು ಬರೆದು, ಒಂದು ಸಾಲು ಚುಕ್ಕಿ ಇಟ್ಟು, 'ದೀಪ' ಎಂದು ಬರೆದು, ಮತ್ತೆ ಪುಟದ ಕೊನೆತನಕ ಚುಕ್ಕಿ ಇಟ್ಟಿದ್ದೇನೆ. ಅಡಿಟಿಪ್ಪಣಿಯಲ್ಲಿ, ಹುಳ ತಿಂದದ್ದಲ್ಲ, ಸೊಸೆ ಬಿಟ್ಟದ್ದು ಎಂದು ಹಾಕಿದ್ದೇನೆ.