ನಮ್ಮ ನೆರೆಯವನು ಯಾರು?

ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ರಾಮನಗರ ರೇಷ್ಮೆಗೆ ಹೆಸರಾದ ಊರು. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಹಗಲೆಲ್ಲ ನೂಲು ಬಿಚ್ಚುವ ಕೆಲಸ. ಈ ಕಸುಬಿನಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ದುಡಿಯುವ ಜಾಗವೂ ಬಾಳುವ ಜಾಗವೂ ಒಂದೇ ಮೊಹಲ್ಲಾ ಆಗಿದ್ದವರಿಗೆ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮಗುವಿಗೆ ಜ್ವರ ಎಂಬುದು ಕೇಳದೆಯೇ ತಿಳಿಯುತ್ತದೆ.

ಊರು ಬೆಳೆಯಿತು. 2007ರಲ್ಲಿ ಜಿಲ್ಲಾ ಕೇಂದ್ರವಾಯಿತು. 2023ರಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. 2025ರಲ್ಲಿ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣ ಎಂದು ಬದಲಾಯಿತು. ಮುಂಜಾನೆಯ ರೈಲು ಹಿಡಿದು ನಗರಕ್ಕೆ ಹೋಗಿ, ಕತ್ತಲಾದ ಮೇಲೆ ಮರಳುವವರು ಇಲ್ಲಿ ಅನೇಕರು. ಅವರಲ್ಲಿ ಒಬ್ಬನನ್ನು ಪಕ್ಕದ ಮನೆಯವರ ಬಗ್ಗೆ ವಿಚಾರಿಸಿ ನೋಡಿ. "ನನಗೇನು ಗೊತ್ತು? ನಾನು ಇಲ್ಲಿ ಮಲಗುವುದಕ್ಕಷ್ಟೇ ಬರುವುದು" ಎಂದಾನು.

ಈ ಉತ್ತರ ಸುಳ್ಳಲ್ಲ. ಆದರೆ ಅದು ಸಾಕೇ?

ಯಾವ ನೆರೆಯವರಿಗೆ ಮೊದಲು ಉಡುಗೊರೆ ಕೊಡಬೇಕೆಂದು ಹಝ್ರತ್ ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹೆಚ್ಚು ಹತ್ತಿರವೋ ಅವರಿಗೆ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಗಮನಿಸಿರಿ, ಇಲ್ಲಿ ಅಳತೆ ಪರಿಚಯವಲ್ಲ, ಸ್ನೇಹವಲ್ಲ, ನಾವು ಮನೆಯಲ್ಲಿ ಕಳೆಯುವ ಗಂಟೆಗಳೂ ಅಲ್ಲ. ಬಾಗಿಲೇ ಅಳತೆ. ನಾವು ಮಲಗುವುದಕ್ಕಷ್ಟೇ ಬಂದರೂ ಬಾಗಿಲು ಇದ್ದಲ್ಲಿಯೇ ಇರುತ್ತದೆ. ಹಾಗಾದರೆ ನೆರೆಯವರ ಹಕ್ಕೂ ಅಲ್ಲಿಯೇ ಇರುತ್ತದೆ.

ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವು ಇನ್ನೂ ಮುಂದೆ ಹೋಗುತ್ತದೆ. ಬಂಧುವಾದ ನೆರೆಯವನು, ಅಪರಿಚಿತ ನೆರೆಯವನು, ಪಕ್ಕದಲ್ಲಿರುವ ಸಂಗಾತಿ, ಈ ಮೂವರೊಂದಿಗೂ ಸದ್ವರ್ತನೆ ತೋರಬೇಕೆಂದು ಅದು ಆಜ್ಞಾಪಿಸುತ್ತದೆ. ಪಕ್ಕದ ಸಂಗಾತಿಯಲ್ಲಿ ಸಹಪ್ರಯಾಣಿಕನೂ ಸೇರುತ್ತಾನೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಅಂದರೆ ದಿನವೂ ರೈಲಿನಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ನಿಲ್ಲುವವನೂ ಹಕ್ಕುದಾರನೇ. ಆತ ಯಾವ ಧರ್ಮದವನೆಂಬ ಪ್ರಶ್ನೆ ಇಲ್ಲಿಲ್ಲ. ಮನೆಯಲ್ಲಿ ಕುರಿ ಕೊಯ್ದಾಗ, ಯಹೂದಿ ನೆರೆಯವನಿಗೆ ಪಾಲು ಕಳುಹಿಸಿದಿರಾ ಎಂದು ಅಬ್ದುಲ್ಲಾ ಬಿನ್ ಅಮ್ರ್(ರ) ಮತ್ತೆ ಮತ್ತೆ ವಿಚಾರಿಸಿದ್ದರು.

"ದಿನಕ್ಕೆ ಮೂರು-ನಾಲ್ಕು ಗಂಟೆ ಪ್ರಯಾಣಕ್ಕೇ ಹೋಗುತ್ತದೆ, ಉಳಿದ ಸಮಯದಲ್ಲಿ ಹೆಂಡತಿ ಮಕ್ಕಳ ಮುಖ ನೋಡುವುದೇ ಕಷ್ಟ" ಎಂದು ಕೆಲವರು ಹೇಳಬಹುದು. ಇದು ನ್ಯಾಯವಾದ ಮಾತು. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ. ಆದರೆ ನೆರೆಯವರ ಹಕ್ಕು ಕೇಳುವುದು ಗಂಟೆಗಳನ್ನಲ್ಲ. ಸಾರಿಗೆ ನೀರು ಹೆಚ್ಚು ಹಾಕಿ ನೆರೆಮನೆಗೂ ಕೊಡಿರೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅದಕ್ಕೆ ರಜೆ ಹಾಕಬೇಕಾಗಿಲ್ಲ.

ಹೊಣೆ ಹೊಸಬರದು ಮಾತ್ರವಲ್ಲ. ಊರು ಬೆಳೆದಂತೆ ಬಾಡಿಗೆಯ ಆಸೆಯೂ ಬೆಳೆಯುತ್ತದೆ. ಮುಂಗಡ ಎಣಿಸಿಕೊಂಡು ಬೀಗದ ಕೈ ಕೊಟ್ಟ ಬಳಿಕ, ಬಂದವರು ಯಾರು, ಉಂಡರೇ ಎಂದು ಕೇಳದ ಹಳೆಯ ನಿವಾಸಿಯು, ಬಂದವನನ್ನು "ಹೊರಗಿನವನು" ಎಂದು ದೂರುವ ಅರ್ಹತೆ ಕಳೆದುಕೊಳ್ಳುತ್ತಾನೆ.

ನೆರೆಯವನು ಹಸಿದಿರುವಾಗ ಹೊಟ್ಟೆ ತುಂಬ ಉಣ್ಣುವವನು ವಿಶ್ವಾಸಿಯಲ್ಲ ಎಂಬ ಎಚ್ಚರಿಕೆ ನಾವೆಲ್ಲ ಕೇಳಿದ್ದೇವೆ. ಹಸಿವು ತಿಳಿಯಬೇಕಾದರೆ ಮೊದಲು ಹೆಸರು ತಿಳಿಯಬೇಕು. ಓದುಗರೇ, ಎದುರು ಮನೆಯವರ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲವಾದರೆ ಈ ಭಾನುವಾರ ಬಾಗಿಲು ತಟ್ಟಿರಿ. ನಾಳೆ ಪರಲೋಕದಲ್ಲಿ ಅವರ ಬಗ್ಗೆ ಪ್ರಶ್ನಿಸಲ್ಪಡುವಾಗ "ನಾನು ಅಲ್ಲಿ ಮಲಗುತ್ತಿದ್ದೆನಷ್ಟೇ" ಎಂಬುದು ನಮ್ಮ ಉತ್ತರವಾಗದಿರಲಿ.