ಕಥಾಂತ್ಯವೂ ಪ್ರೇಕ್ಷಕನ ಅಧಿಕಾರವೂ

ಕಥೆ ಕೇಳುವ ಮಗುವು ಕಥೆಯ ಕೊನೆಯಲ್ಲಿ ಅಜ್ಜಿಯೊಡನೆ ಜಗಳವಾಡುವುದು ಎಲ್ಲ ಮನೆಗಳಲ್ಲಿಯೂ ಕಾಣುವ ಸಂಗತಿ. ರಾಜಕುಮಾರನು ಸಾಯಕೂಡದು, ಕಥೆಯನ್ನು ಬೇರೆ ತರಹ ಹೇಳು ಎಂದು ಅದು ಹಟ ಹಿಡಿಯುತ್ತದೆ. ಅಜ್ಜಿಯು ಒಮ್ಮೊಮ್ಮೆ ಸೋತು ಕಥೆಯನ್ನು ತಿದ್ದುವಳು. ಒಮ್ಮೊಮ್ಮೆ ಕಥೆ ಇರುವುದೇ ಹಾಗೆ ಎಂದು ಹೇಳಿ ದೀಪವಾರಿಸುವಳು. ಈ ಎರಡರಲ್ಲಿ ಯಾವುದು ನ್ಯಾಯವಾದುದು? ಕೇಳುವವನಿಗೆ ಕಥೆಯ ಮುಗಿತಾಯದ ಮೇಲೆ ಅಧಿಕಾರವೇನಾದರೂ ಉಂಟೆ? ಇದ್ದರೆ ಅದರ ಎಲ್ಲೆ ಯಾವುದು? ನೋಡುವುದಕ್ಕೆ ಹುಡುಗಾಟದಂತೆ ತೋರುವ ಈ ಪ್ರಶ್ನೆಯನ್ನು 2019ನೆಯ ಇಸವಿಯ ಮೇ ತಿಂಗಳಿನಲ್ಲಿ ದೇಶದೇಶಗಳ ವಯಸ್ಕರು ಬಹು ಗಂಭೀರವಾಗಿ, ಬಹು ಕೋಪದಿಂದಲೂ, ಎತ್ತಿದರು.

ಅದಕ್ಕೆ ನಿಮಿತ್ತವಾದುದು ‘ಗೇಮ್ ಆಫ್ ಥ್ರೋನ್ಸ್’ ಎಂಬ ಧಾರಾವಾಹಿ. ಅಮೆರಿಕದ ಲೇಖಕರಾದ ಜಾರ್ಜ್ ಆರ್. ಆರ್. ಮಾರ್ಟಿನ್ನರು 1996ರಿಂದ ಪ್ರಕಟಿಸುತ್ತ ಬಂದ ಅದ್ಭುತ ಕಾದಂಬರಿಮಾಲೆಯನ್ನು ಆಧರಿಸಿ, ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಎಂಬಿಬ್ಬರು ಅದನ್ನು ಎಚ್.ಬಿ.ಓ. ಸಂಸ್ಥೆಗಾಗಿ ನಿರ್ಮಿಸಿದರು. 2011ರ ಏಪ್ರಿಲ್ 17ರಂದು ಮೊದಲಾದ ಪ್ರಸಾರವು ಎಂಟು ಭಾಗಗಳಲ್ಲಿ 73 ಕಂತುಗಳಾಗಿ ಹರಿದು 2019ರ ಮೇ 19ರಂದು ಮುಗಿಯಿತು. ಕೊನೆಯ ಕಂತನ್ನು ಆ ರಾತ್ರಿ ಅಮೆರಿಕದೊಂದರಲ್ಲಿಯೇ 1 ಕೋಟಿ 93 ಲಕ್ಷ ಮಂದಿ ನೋಡಿದರೆಂದು ಸಂಸ್ಥೆಯವರು ತಿಳಿಸಿದರು. ಆದರೆ ಅಷ್ಟು ಹೊತ್ತಿಗಾಗಲೇ ಎಂಟನೆಯ ಭಾಗವನ್ನೆಲ್ಲ ಸಮರ್ಥರಾದ ಬೇರೆ ಬರೆಹಗಾರರಿಂದ ಬರೆಯಿಸಿ ಹೊಸದಾಗಿ ಚಿತ್ರಿಸಬೇಕೆಂಬ ಬಿನ್ನವತ್ತಳೆಯೊಂದು ಹೊರಟಿತ್ತು. ಅದಕ್ಕೆ ಬಿದ್ದ ರುಜುಗಳು ಬಹು ಬೇಗನೆ 15 ಲಕ್ಷವನ್ನು ಮೀರಿದುವು. ರಾಜ್ಯದ ಕಾನೂನನ್ನು ಬದಲಾಯಿಸಿರೆಂದು ಜನ ರುಜು ಹಾಕುವುದುಂಟು. ಕಟ್ಟುಕಥೆಯನ್ನು ಬದಲಾಯಿಸಿರೆಂದು ಇಷ್ಟು ಮಂದಿ ಒಟ್ಟಾಗಿ ಕೇಳಿದುದು ಅಪೂರ್ವವೆಂದೇ ಹೇಳಬೇಕು.

ಜನರು ಮುನಿದುದೇತಕ್ಕೆ? ಕಥೆಯ ನಡುನಾಯಕಿಯರಲ್ಲಿ ಡೆನೇರಿಸ್ ಎಂಬವಳು ರಾಜ್ಯಭ್ರಷ್ಟವಾದ ಕುಲದ ಕನ್ಯೆ. ಅಣ್ಣನಿಂದ ಮಾರಾಟದ ಒಡವೆಯಂತೆ ಅನ್ಯರಿಗೆ ಕೊಡಲ್ಪಟ್ಟು, ದುಃಖದ ಬೆಂಕಿಯಲ್ಲಿ ಬೆಂದು ಗಟ್ಟಿಯಾಗಿ, ಮೂರು ಅಗ್ನಿಸರ್ಪಗಳಿಗೆ ತಾಯಾಗಿ, ಊರೂರಿನ ದಾಸರ ಸಂಕೋಲೆಗಳನ್ನು ಕಡಿದು, ಪಿತ್ರಾರ್ಜಿತವಾದ ಸಿಂಹಾಸನವನ್ನು ಹುಡುಕಿಕೊಂಡು ಕಡಲು ದಾಟಿ ಬರುವವಳು. ಎಂಟು ವರ್ಷಗಳ ಕಾಲ ನೋಡುಗರು ಅವಳನ್ನು ಮನೆಯ ಮಗಳಂತೆ ಮೆಚ್ಚಿಕೊಂಡಿದ್ದರು. ಅಮೆರಿಕದಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಅವಳ ಬಿರುದನ್ನೇ ಹೆಸರಾಗಿ ಇಟ್ಟಿದ್ದರು. ಇಂಥವಳು ಮುಕ್ತಾಯಕ್ಕೆ ಹಿಂದಿನ ಕಂತಿನಲ್ಲಿ, ರಾಜಧಾನಿಯು ಸೋತು ಶರಣಾಗತಿಯ ಗಂಟೆಗಳು ಮೊಳಗಿದ ಮೇಲೂ, ನಿರಪರಾಧಿಗಳಾದ ಪೌರರ ಮೇಲೆ ಬೆಂಕಿಯನ್ನು ಸುರಿಸುತ್ತಾಳೆ. ಕೊನೆಯ ಕಂತಿನಲ್ಲಿ ಅವಳನ್ನು ಪ್ರೀತಿಸಿದ ಜಾನ್ ಸ್ನೋ ಎಂಬವನೇ ಅವಳನ್ನು ಇರಿದು ಕೊಲ್ಲುತ್ತಾನೆ. ಅವಳ ಅಗ್ನಿಸರ್ಪವು ಸಿಂಹಾಸನವನ್ನೇ ಕರಗಿಸಿ, ತಾಯ ಕಳೇಬರವನ್ನೆತ್ತಿಕೊಂಡು ಹಾರಿಹೋಗುತ್ತದೆ. ಉಳಿದ ಮಾಂಡಲಿಕರು ಕಾಲುಗಳ ಸ್ವಾಧೀನವಿಲ್ಲದ ಬ್ರ್ಯಾನ್ ಎಂಬ ತರುಣನನ್ನು, ಅವನ ಕಥೆಯೇ ಎಲ್ಲರನ್ನೂ ಒಂದುಗೂಡಿಸಬಲ್ಲುದೆಂಬ ಕಾರಣದಿಂದ, ಅರಸನನ್ನಾಗಿ ಆರಿಸುತ್ತಾರೆ.

ನೋಡಿದವರ ಆಕ್ಷೇಪಗಳೆಲ್ಲ ಒಂದೇ ಜಾತಿಯವಲ್ಲ. ಯುದ್ಧದ ಕಂತು ಕಣ್ಣಿಗೆ ಕಾಣದಷ್ಟು ಕತ್ತಲೆಯಾಗಿತ್ತೆಂದವರುಂಟು. ಇನ್ನೊಂದು ಕಂತಿನಲ್ಲಿ ಇಂದಿನ ಕಾಲದ ಪಾನೀಯದ ಲೋಟವೊಂದು ರಾಜಭೋಜನದ ಮೇಜಿನ ಮೇಲೆ ಮರೆತುಹೋಗಿ ನಿಂತುದನ್ನು ಕಂಡು ನಕ್ಕವರುಂಟು. ಇವು ಕೈತಪ್ಪುಗಳು, ಲೋಟವನ್ನು ಮಾರನೆಯ ದಿನಗಳಲ್ಲಿಯೇ ಚಿತ್ರದಿಂದ ಅಳಿಸಿಬಿಟ್ಟರು. ವಿಚಾರಾರ್ಹವಾದ ದೂರುಗಳು ಮೂರು. ಪ್ರೀತಿಪಾತ್ರಳಾದವಳು ಕೆಡಬಾರದಿತ್ತು ಎಂಬುದು ಒಂದು. ಕೆಟ್ಟರೂ ಕೆಡಲಿ, ಅದನ್ನು ನಂಬುವಂತೆ ತೋರಿಸಲಿಲ್ಲ ಎಂಬುದು ಎರಡು. ಇಷ್ಟು ಕಾಲ ನೋಡಿದವರ ಇಚ್ಛೆಗೆ ಅನುಸಾರವಾಗಿ ಅದನ್ನು ತಿದ್ದಿಕೊಡಬೇಕು ಎಂಬುದು ಮೂರು. ಮೊದಲನೆಯದು ಶೋಕ, ಎರಡನೆಯದು ವಿಮರ್ಶೆ, ಮೂರನೆಯದು ಹಕ್ಕಿನ ವಾದ. ಮೂರನ್ನೂ ಕಲಸಿದುದರಿಂದಲೇ ಗದ್ದಲವು ಅಷ್ಟು ದೊಡ್ಡದಾಯಿತು. ಬಿಡಿಸಿ ನೋಡಿದರೆ ಒಂದೊಂದಕ್ಕೂ ಬೇರೆ ಬೇರೆ ಉತ್ತರ ದೊರೆಯುತ್ತದೆ.

ಮೊದಲು ಶೋಕದ ಮಾತು. ಇದು ನಗತಕ್ಕದ್ದಲ್ಲ. ಪಾತ್ರವು ಕಲ್ಪಿತವಾದರೂ ಅದಕ್ಕಾಗಿ ಹರಿದ ಕಣ್ಣೀರು ಕಲ್ಪಿತವಲ್ಲ. ಷೇಕ್ಸ್‌ಪಿಯರನ ಲಿಯರ್ ನಾಟಕದ ಕೊನೆಯಲ್ಲಿ ಕಾರ್ಡೀಲಿಯಳು ಸಾಯುವುದನ್ನು ಓದಿ ಡಾಕ್ಟರ್ ಜಾನ್‌ಸನ್ನನಂಥ ಪ್ರೌಢಮತಿಯೇ ತತ್ತರಿಸಿ, ಸಂಪಾದಕನಾಗಿ ಕೈಗೆತ್ತಿಕೊಳ್ಳಬೇಕಾಗುವವರೆಗೂ ಆ ದೃಶ್ಯಗಳನ್ನು ಮತ್ತೆ ಓದಲಾರದೆ ಹೋದನು. ಇಂಥ ನೋವನ್ನು ನಂಬಿಯೇ 1681ರಲ್ಲಿ ನೇಹಮ್ ಟೇಟ್ ಎಂಬವನು ಆ ನಾಟಕವನ್ನು ತಿದ್ದಿ, ಕಾರ್ಡೀಲಿಯಳನ್ನು ಬದುಕಿಸಿ, ಮದುವೆಯನ್ನೂ ನಿಶ್ಚಯಿಸಿದನು. ಇಂಗ್ಲೆಂಡಿನ ರಂಗಭೂಮಿಯು ಸುಮಾರು ಒಂದೂವರೆ ಶತಮಾನ ಆ ತಿದ್ದುಪಡಿಯನ್ನೇ ಆಡಿತು. ಪ್ರೇಕ್ಷಕರು ಕೇಳಿದುದು ಅವರಿಗೆ ದೊರೆಯಿತು. ಆದರೆ ಕಾಲವು ಟೇಟನ ಸುಖಾಂತವನ್ನು ಕುತೂಹಲದ ವಸ್ತುವನ್ನಾಗಿ ಮಾಡಿ, ಆ ಸಹಿಸಲಾರದ ಸಾವನ್ನೇ ಮತ್ತೆ ರಂಗದ ಮೇಲೆ ತಂದಿರಿಸಿತು. ಆದುದರಿಂದ ನೋವಾಯಿತೆಂಬುದು ಕಥೆ ತಪ್ಪಾಯಿತೆಂಬುದಕ್ಕೆ ಪ್ರಮಾಣವಾಗದು. ಅನೇಕ ವೇಳೆ ಅದು ಕಥೆಯು ತನ್ನ ಕೆಲಸವನ್ನು ಮಾಡಿತೆಂಬುದಕ್ಕೇ ಪ್ರಮಾಣ.

ಎರಡನೆಯ ದೂರು ಇದಕ್ಕಿಂತ ತೂಕವಾದುದು. ಭರತಮುನಿಯ ಶಾಸ್ತ್ರದಲ್ಲಿ ನಾಟಕದ ಸಂಧಿಗಳು ಐದು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಮುಖದಲ್ಲಿ ಬಿತ್ತಿದ ಬೀಜವು ಮೊಳೆತು, ಮರೆಯಾಗಿ, ಮತ್ತೆ ಕಂಡು, ಚೆದರಿದ ಅರ್ಥಗಳೆಲ್ಲ ನಿರ್ವಹಣದಲ್ಲಿ ಒಂದುಗೂಡಬೇಕು. ಗ್ರೀಸಿನ ಅರಿಸ್ಟಾಟಲನೂ ಕಥೆಯ ಬಿಡುಗಡೆಯು ಕಥೆಯೊಳಗಿನಿಂದಲೇ ಬರಬೇಕು, ಯಂತ್ರದಿಂದ ಇಳಿಯುವ ದೇವತೆಯಿಂದಲ್ಲ ಎಂದನು. ದೇಶಕಾಲಗಳಲ್ಲಿ ಇಷ್ಟು ದೂರವಿದ್ದ ಇಬ್ಬರು ಒಂದೇ ನಿಯಮಕ್ಕೆ ಬಂದುದು ಆಕಸ್ಮಿಕವಲ್ಲ. ಕಥೆ ಹೇಳಲು ತೊಡಗಿದವನು ಕೇಳುವವನಿಗೆ ಬಾಯಿಬಿಟ್ಟು ಹೇಳದ ಭಾಷೆಯೊಂದನ್ನು ಕೊಟ್ಟಿರುತ್ತಾನೆ. ಸುಖವಾಗಿ ಮುಗಿಸುವೆನೆಂಬುದು ಆ ಭಾಷೆಯಲ್ಲ, ಬಿತ್ತಿದುದನ್ನೇ ಬೆಳೆಯುವೆನೆಂಬುದು.

ಈ ಒರೆಗಲ್ಲಿಗೆ ಹಚ್ಚಿದರೆ ಡೆನೇರಿಸಳ ಪತನವು ಹೇಗೆ ಕಾಣುತ್ತದೆ? ಬೀಜವಿರಲಿಲ್ಲವೆನ್ನುವುದು ನಿಜವಲ್ಲ. ನಾಲ್ಕನೆಯ ಭಾಗದಲ್ಲಿ ಮಿರೀನ್ ಪಟ್ಟಣದ ಒಡೆಯರು 163 ದಾಸಬಾಲಕರನ್ನು ದಾರಿಯ ಕಂಬಗಳಿಗೆ ಮೊಳೆಹೊಡೆದು ಕೊಂದಿರುತ್ತಾರೆ. ಊರನ್ನು ಗೆದ್ದ ಡೆನೇರಿಸಳು ಅಷ್ಟೇ ಸಂಖ್ಯೆಯ ಒಡೆಯರನ್ನು ಅದೇ ಬಗೆಯಾಗಿ ಕೊಲ್ಲಿಸುತ್ತಾಳೆ. ಕೆಲವು ದಿನಗಳ ಮೇಲೆ ಒಬ್ಬ ಮಗನು ಅವಳ ಓಲಗಕ್ಕೆ ಬಂದು, ತನ್ನ ತಂದೆಯು ಆ ಮಕ್ಕಳ ಹತ್ಯೆಯನ್ನು ವಿರೋಧಿಸಿದವನಾಗಿದ್ದನೆಂದೂ, ವಿಚಾರಣೆಯಿಲ್ಲದೆ ಅವನೂ ಕಂಬಕ್ಕೇರಿದನೆಂದೂ, ಶವಸಂಸ್ಕಾರಕ್ಕಾದರೂ ಅಪ್ಪಣೆಯಾಗಬೇಕೆಂದೂ ಬೇಡಿಕೊಳ್ಳುತ್ತಾನೆ. ಏಳನೆಯ ಭಾಗದಲ್ಲಿ ತಲೆಬಾಗದ ಸೆರೆಯಾಳುಗಳಾದ ತಂದೆ ಮಗ ಇಬ್ಬರನ್ನೂ ಅವಳು ಸುಡಿಸುತ್ತಾಳೆ. ಬೀಜವೆಂದರೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೇನಿರಬೇಕು?

ಆದರೆ ಬೀಜವಿದ್ದ ಮಾತ್ರಕ್ಕೆ ಬೆಳೆಯಾಗದು. ನೆಲಕ್ಕೆ ಕಾಲವೂ ನೀರೂ ಬೇಕು. ಮೊದಲಿನ ಆರು ಭಾಗಗಳಿಗೆ ಹತ್ತು ಹತ್ತು ಕಂತುಗಳಿದ್ದುವು. ಏಳನೆಯದಕ್ಕೆ ಏಳು, ಎಂಟನೆಯದಕ್ಕೆ ಆರು. ಸಂಸ್ಥೆಯವರು ಹೆಚ್ಚು ಕಂತುಗಳಿಗೆ ಒಪ್ಪುತ್ತಿದ್ದರೆಂದು ಬೆನಿಯಾಫರೇ ಹೇಳಿದ್ದುಂಟು. ಮುಗಿಸುವ ಅವಸರ ನಿರ್ಮಾಪಕರದು. ಧಾರಾವಾಹಿ ಮುಗಿದಾಗ ಮಾರ್ಟಿನ್ನರ ಮಾಲೆಯಲ್ಲಿ ಹೊರಬಂದಿದ್ದುದು ಐದೇ ಸಂಪುಟಗಳು, ಐದನೆಯದೂ 2011ರದು. ಮುಂದಿನ ದಾರಿಗೆ ವಿಸ್ತಾರವಾದ ಗ್ರಂಥಾಧಾರವಿರದೆ ಗಮ್ಯದ ಗುರುತು ಮಾತ್ರ ಉಳಿದಿತ್ತು. ಹೀಗೆ ಊರು ಸೇರಿದರೂ ನಡೆದ ಹಾದಿ ಕಾಣದೆ ಹೋಯಿತು. ಔಚಿತ್ಯಭಂಗವಲ್ಲದೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬುದು ಆನಂದವರ್ಧನನ ಸಿದ್ಧಾಂತ. ಇಲ್ಲಿ ಅನುಚಿತವಾದುದು ಕಾರ್ಯವಲ್ಲ, ವೇಗ. ವರ್ಷಗಳಲ್ಲಿ ಆಗಬೇಕಾದ ಪಾಕವು ಒಂದೆರಡು ಕಂತುಗಳಲ್ಲಿ ಆಯಿತು. ಈ ಮಟ್ಟಿಗೆ ಪ್ರೇಕ್ಷಕರ ದೂರು ನ್ಯಾಯವಾದುದೆಂದು ಒಪ್ಪಲೇಬೇಕು.

ಹಾಗೆ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ನೈತಿಕವಾಗಿ ಬಹುಶಃ ಅದೇ ಮುಖ್ಯವಾದುದು. ಅಷ್ಟು ಕಣ್ಣುಗಳು ನೋಡಿಯೂ ಆ ಬೀಜಗಳನ್ನು ಕಾಣದೆ ಹೋದುದೇಕೆ? ಮಿರೀನಿನ ಒಡೆಯರು ಕಂಬಗಳ ಮೇಲೆ ನರಳುವಾಗ ಎಷ್ಟೋ ಪ್ರೇಕ್ಷಕರು ಅದನ್ನು ಧರ್ಮದ ಜಯವೆಂದು ತಿಳಿದು ಹಿಗ್ಗಿದರು. ತಂದೆಯ ಶವವನ್ನು ಬೇಡಿದ ಮಗನ ದೃಶ್ಯವು ಬಂದು ಹೋಯಿತು. ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸುಡುತ್ತಿದ್ದುದು ದುಷ್ಟರನ್ನು, ಸುಡುತ್ತಿದ್ದವಳು ಪ್ರಿಯಳಾದವಳು. ಇಂತಿರಲು ಬೆಂಕಿಯ ಸ್ವಭಾವವೇನೆಂದು ಯಾರು ಕೇಳಿಯಾರು? ವಿಚಾರಣೆಯಿಲ್ಲದ ದಂಡನೆಯು ಮೊದಲು ಅಪರಾಧಿಯ ಮೇಲೆಯೇ ಬೀಳುತ್ತದೆ. ನೋಡುವವರು ಆಗ ಅದನ್ನು ನ್ಯಾಯವೆನ್ನುತ್ತಾರೆ. ಎರಡನೆಯ ಸಲ ಅಪರಾಧಿಯ ಜೊತೆಯಲ್ಲಿದ್ದವನ ಮೇಲೆ, ಮೂರನೆಯ ಸಲ ತಲೆಬಾಗದವನ ಮೇಲೆ, ಕೊನೆಗೆ ಬೀದಿಯಲ್ಲಿ ಸಿಕ್ಕಿದವನ ಮೇಲೆ ಬೀಳುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ಜನರು ಬೆಚ್ಚಿ ಇದೇನು ಹೀಗೆ, ಇದಕ್ಕೆ ಕಾರಣವೇ ಇಲ್ಲವಲ್ಲ ಎನ್ನುತ್ತಾರೆ. ಕಾರಣವು ಮೊದಲನೆಯ ಚಪ್ಪಾಳೆಯಲ್ಲಿಯೇ ಇತ್ತು. ಹಾಗಾದುದರಿಂದ ಆ ಮೇ ತಿಂಗಳ ಕೋಪದಲ್ಲಿ ಒಂದಂಶವಾದರೂ ಬರೆಹಗಾರರ ಮೇಲಿನದಲ್ಲ. ತಮ್ಮ ಹಳೆಯ ಮೆಚ್ಚುಗೆಯನ್ನು ತಾವೇ ಎದುರಿಗೆ ಕಂಡವರ ನಾಚಿಕೆ.

ಈ ಪಾಠವನ್ನು ಧಾರಾವಾಹಿಯು ನಿಧಾನವಾಗಿ ಕಲಿಸಿದ್ದರೆ ಪ್ರೇಕ್ಷಕನು ತನ್ನ ನಾಚಿಕೆಯನ್ನು ಗುರುತಿಸುತ್ತಿದ್ದನು. ಅವಸರದಿಂದ ಕಲಿಸಿದುದರಿಂದ ಅವನಿಗೆ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು. ದೋಷವೆಲ್ಲ ಬರೆಹಗಾರರದೇ ಎಂದು ಹೇಳಿ ಮುಗಿಸಿದನು. ಕಲಾದೋಷವು ನೀತಿಯ ನಷ್ಟವೂ ಆಗುವುದು ಹೀಗೆ.

ಇನ್ನು ಮೂರನೆಯದು, ಹಕ್ಕಿನ ವಾದ. ಓದುಗರ ಒತ್ತಾಯಕ್ಕೆ ಲೇಖಕರು ಮಣಿದ ನಿದರ್ಶನಗಳಿಲ್ಲದೆ ಇಲ್ಲ. ಆರ್ಥರ್ ಕಾನನ್ ಡಾಯಲರು 1893ರಲ್ಲಿ ಷೆರ್ಲಾಕ್ ಹೋಮ್ಸನನ್ನು ಜಲಪಾತಕ್ಕೆ ದೂಡಿ ಕೈತೊಳೆದುಕೊಂಡರು, ಓದುಗರು ಬಿಡಲಿಲ್ಲ, 1903ರಲ್ಲಿ ಅವನು ಬದುಕಿ ಬಂದನು. ಡಿಕನ್ಸನು 1861ರಲ್ಲಿ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಮುಗಿತಾಯವನ್ನು ಗೆಳೆಯನಾದ ಬುಲ್ವರ್ ಲಿಟ್ಟನನ ಸಲಹೆಯಂತೆ ಬದಲಿಸಿದನು. ಭವಭೂತಿಯಂತೂ ಯಾರೂ ಕೇಳದೆಯೇ, ತನ್ನ ರಸದೃಷ್ಟಿಯ ಪ್ರೇರಣೆಯಿಂದ, ಭೂಗತಳಾಗಬೇಕಾದ ಸೀತೆಯನ್ನು ರಾಮನೊಡನೆ ಕೂಡಿಸಿದನು. ಇವುಗಳೆಲ್ಲದರಲ್ಲಿಯೂ ತಿದ್ದಿದ ಕೈ ಕವಿಯದೇ, ಅಥವಾ ಕವಿಯ ಮನಸ್ಸು ಒಪ್ಪಿದ ಮೇಲಿನದು. ಬಿನ್ನವತ್ತಳೆಯು ಕೇಳಿದುದು ಅದನ್ನಲ್ಲ. ಹೇಳಿದವರನ್ನು ದೂಡಿ ಬೇರೆಯವರಿಂದ ಹೇಳಿಸಿರೆಂದು ಕೇಳಿತು. ಎಂಟು ವರ್ಷ ನೋಡಿದೆವು, ಹಣ ತೆತ್ತೆವು, ಆದುದರಿಂದ ಕಥೆ ನಮ್ಮದು ಎಂಬುದು ಅದರ ತರ್ಕ. ಪ್ರೀತಿಯಿಂದ ಸಂಬಂಧ ಬರುವುದು ನಿಜ, ಒಡೆತನ ಬರುವುದಿಲ್ಲ. ಅಲ್ಲದೆ ಧಾರಾವಾಹಿಯು ಇಬ್ಬರ ಕೃತಿಯಲ್ಲ. ಯುದ್ಧದ ಒಂದು ಕಂತಿಗಾಗಿಯೇ ಉತ್ತರ ಐರ್ಲೆಂಡಿನ ಚಳಿಯಲ್ಲಿ ನೂರಾರು ಜನ 55 ರಾತ್ರಿಗಳು ಬಯಲಲ್ಲಿ ದುಡಿದಿದ್ದರು. ಬಿನ್ನವತ್ತಳೆಯು ಅಂಥವರ ಶ್ರಮಕ್ಕೆ ಅಗೌರವವೆಂದು ನಟಿ ಸೋಫಿ ಟರ್ನರ್ ಹೇಳಿದುದು ಅತ್ಯುಕ್ತಿಯಲ್ಲ.

ಆದರೂ ರುಜು ಹಾಕಿದವರನ್ನೆಲ್ಲ ಮೂಢರೆಂದು ತಳ್ಳಿಬಿಡುವುದು ಸುಲಭ, ನ್ಯಾಯವಲ್ಲ. ಕಥೆಯ ಅನ್ಯಾಯಕ್ಕಾಗಿ ನೊಂದುಕೊಳ್ಳಬಲ್ಲ ಮನಸ್ಸು ಸತ್ತ ಮನಸ್ಸಲ್ಲ. ಆ ದಿನಗಳಲ್ಲಿಯೇ ಕೊನೆಯ ಭಾಗವನ್ನು ಕಟುವಾಗಿ ಟೀಕಿಸುತ್ತಿದ್ದ ಗುಂಪಿನವರು, ಡೆನೇರಿಸಳ ಪಾತ್ರವನ್ನು ವಹಿಸಿದ್ದ ಎಮಿಲಿಯಾ ಕ್ಲಾರ್ಕ್ ಮೆದುಳಿನ ರೋಗಿಗಳಿಗಾಗಿ ಸ್ಥಾಪಿಸಿದ ಧರ್ಮಸಂಸ್ಥೆಗೆ ಹಣ ಕೂಡಿಸಿ ಕೊಟ್ಟರು. ಬರೆಹಗಾರರ ಮೇಲಿನ ಮುನಿಸನ್ನೂ ದುಡಿದವರ ಮೇಲಿನ ಗೌರವವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬಹುದೆಂಬುದಕ್ಕೆ ಇದು ಸಾಕ್ಷಿ. ಮುನಿಸೂ ಶಾಶ್ವತವಾಗಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಧಾರಾವಾಹಿಗೆ ಎಮ್ಮಿ ಪಾರಿತೋಷಕ ಬಂದಿತು. 2022ರಲ್ಲಿ ಅದೇ ರಾಜವಂಶದ ಪೂರ್ವಕಥೆ ಪ್ರಸಾರವಾದಾಗ ಮೊದಲ ರಾತ್ರಿಯೇ ಅಮೆರಿಕದಲ್ಲಿ ಸುಮಾರು 1 ಕೋಟಿ ಜನ ಮರಳಿ ಕುಳಿತರು.

ಹಾಗಾದರೆ ಪ್ರೇಕ್ಷಕನ ಅಧಿಕಾರವು ಎಲ್ಲಿಯವರೆಗೆ? ಬಿತ್ತಿದುದನ್ನು ಬೆಳೆಯಲಿಲ್ಲವೆಂದು ಹೇಳುವವರೆಗೆ. ಏಕೆ ನಂಬಲಾಗಲಿಲ್ಲವೆಂಬುದನ್ನು ಕಾರಣಸಹಿತವಾಗಿ ತೋರಿಸುವವರೆಗೆ. ಬೇಕೆನಿಸಿದರೆ ತನ್ನದೇ ಆದ ಕಥೆಯೊಂದನ್ನು ಕಟ್ಟುವವರೆಗೆ. ಅದರಾಚೆಗೆ ಅವನಿಗೆ ಅಧಿಕಾರವಿಲ್ಲ, ಆದರೆ ಕರ್ತವ್ಯವೊಂದುಂಟು. ಕಥೆಯನ್ನು ವಿಚಾರಣೆಗೆ ಕರೆದವನು ತನ್ನ ಮೆಚ್ಚುಗೆಯನ್ನೂ ಅದೇ ನ್ಯಾಯಸ್ಥಾನಕ್ಕೆ ಕರೆತರಬೇಕು. ತನ್ನ ಪ್ರಿಯಳು ಹಚ್ಚಿದ ಮೊದಲನೆಯ ಬೆಂಕಿಯನ್ನು ಕಂಡಾಗ ತಾನೇನು ಮಾಡಿದನೆಂಬ ಪ್ರಶ್ನೆಗೆ ಉತ್ತರ ಕೊಟ್ಟವನಿಗೆ ಮಾತ್ರ ಕೊನೆಯ ಬೆಂಕಿಯ ವಿಚಾರವಾಗಿ ದೂರುವ ಅರ್ಹತೆ ಪೂರ್ತಿಯಾಗಿ ಬರುತ್ತದೆ. ಬೇರೆ ತರಹ ಹೇಳು ಎಂದು ಅತ್ತ ಮಗುವಿಗೆ ಅಜ್ಜಿಯು ಕೊಡಬಹುದಾದ ಮೂರನೆಯ ಉತ್ತರವೂ ಒಂದುಂಟು: ನಿನ್ನ ರಾಜಕುಮಾರನು ಮೊದಲ ದಿನ ದಾರಿ ತಪ್ಪಿದಾಗ ನೀನೂ ನಕ್ಕೆಯಲ್ಲ, ಕಂದ? ಆ ಉತ್ತರವನ್ನು ಕೇಳಿ ಮೌನವಾಗುವ ಮಗುವು ಅಂದಿಗೆ ಕಥೆಯನ್ನು ನಿಜವಾಗಿ ಕೇಳಿದಂತಾಯಿತು.