ರೂಪಿಸುವವನ ಹೊಣೆ

ವಸ್ತುವೊಂದು ಗೃಹಸ್ಥನ ಕೈ ಸೇರುವ ಬಹು ಮೊದಲೇ ಅದರ ಆಯುಷ್ಯ ನಿರ್ಣಯವಾಗಿರುತ್ತದೆ. ಯಾವ ಲೋಹ, ಎಷ್ಟು ದಪ್ಪ, ಕೆಟ್ಟರೆ ಬಿಚ್ಚಿ ಸರಿಪಡಿಸಲು ಬರುವುದೋ ಇಲ್ಲವೋ ಎಂಬುದೆಲ್ಲವೂ ವಿನ್ಯಾಸಕನ ನಕ್ಷೆಯಲ್ಲಿಯೇ ತೀರ್ಮಾನವಾಗುತ್ತದೆ. ಆತನು ಸ್ವತಃ ಮರ ಕಡಿಯುವುದಿಲ್ಲ, ಗಣಿ ತೋಡುವುದಿಲ್ಲ, ನದಿಗೆ ವಿಷ ಸುರಿಯುವುದಿಲ್ಲ. ಹಾಗಾದರೆ ಆ ಹಾನಿಯಲ್ಲಿ ಆತನಿಗೆ ಪಾಲಿಲ್ಲವೆ?

ಒಂದು ನಿದರ್ಶನವನ್ನು ನೋಡೋಣ. 1924ರ ಡಿಸೆಂಬರಿನಲ್ಲಿ ಜಿನೀವಾ ನಗರದಲ್ಲಿ ಹಲವು ದೇಶಗಳ ಪ್ರಮುಖ ವಿದ್ಯುದ್ದೀಪ ತಯಾರಕರು ಸೇರಿ ‘ಫೀಬಸ್’ ಎಂಬ ಕೂಟವನ್ನು ಕಟ್ಟಿಕೊಂಡರು. ಅದುವರೆಗೆ 1,500ರಿಂದ 2,000 ಗಂಟೆಗಳ ಕಾಲ ಉರಿಯುತ್ತಿದ್ದ ಬಲ್ಬಿನ ಆಯುಷ್ಯವನ್ನು ಅವರು 1,000 ಗಂಟೆಗಳಿಗೆ ಇಳಿಸಿದರು. ಬಲ್ಬಿನೊಳಗಿನ ತಂತಿಯನ್ನು ಹೆಚ್ಚು ಕಾಯಿಸಿದರೆ ಅಷ್ಟೇ ವಿದ್ಯುತ್ತಿಗೆ ಹೆಚ್ಚು ಬೆಳಕು ದೊರೆಯುತ್ತದೆ, ತಂತಿಯೂ ಬೇಗ ಸವೆಯುತ್ತದೆ. ಆದುದರಿಂದ ಈ ಮಿತಿಗೆ ಸಮರ್ಥನೆಯೇ ಇಲ್ಲವೆನ್ನಲಾಗದು. ಆದರೆ ಹೆಚ್ಚು ಕಾಲ ಉರಿಯುವ ಬಲ್ಬನ್ನು ತಯಾರಿಸಿದ ಸದಸ್ಯರಿಗೆ ಕೂಟವು ದಂಡ ವಿಧಿಸುತ್ತಿತ್ತು. ಗ್ರಾಹಕನ ಹಿತವೊಂದೇ ಉದ್ದೇಶವಾಗಿದ್ದರೆ ಬಾಳಿಕೆಗೆ ದಂಡವೇಕೆ? ಕ್ರಿಯೆಯ ಹಿಂದಿನ ಭಾವವು ಇಲ್ಲಿ ಬಯಲಾಗುತ್ತದೆ. ಎರಡನೆಯ ಮಹಾಯುದ್ಧದೊಡನೆ ಆ ಕೂಟ ಮುರಿದುಬಿದ್ದಿತು. ಆ ಭಾವ ಮಾತ್ರ ಅಳಿಯಲಿಲ್ಲ.

“ನಾನು ಸಂಬಳಗಾರ, ಯಜಮಾನರು ಹೇಳಿದಂತೆ ನಕ್ಷೆ ಬರೆದೆ” ಎಂದು ವಿನ್ಯಾಸಕನು ಹೇಳಬಹುದು. ಅನ್ನದ ಪ್ರಶ್ನೆ ಸಣ್ಣದಲ್ಲ. ವಿಕ್ಟರ್ ಪಾಪನೆಕ್ ಎಂಬ ವಿನ್ಯಾಸಕರು ‘ಡಿಸೈನ್ ಫಾರ್ ದ ರಿಯಲ್ ವರ್ಲ್ಡ್’ ಎಂಬ ತಮ್ಮ ಗ್ರಂಥದಲ್ಲಿ ಇದನ್ನೇ ವಿಚಾರಿಸಿದ್ದಾರೆ. 1971ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ತಮ್ಮ ವೃತ್ತಿಯನ್ನೇ ಕಠೋರವಾಗಿ ಖಂಡಿಸಿದ ಅವರು, ವೃತ್ತಿಯನ್ನು ತೊರೆಯಿರೆಂದು ಹೇಳಲಿಲ್ಲ. ಕಾಲದ ಹತ್ತನೆಯ ಒಂದು ಪಾಲನ್ನಾದರೂ ಬಡವರ, ಅಂಗವಿಕಲರ, ನಿರ್ಲಕ್ಷಿತರ ನಿಜವಾದ ಅಗತ್ಯಗಳಿಗೆ ಮೀಸಲಿಡಿರೆಂದರು. ಸರ್ವತ್ಯಾಗ ಮಾಡಲಾರದ ಗೃಹಸ್ಥನಿಗೆ ಅಣುವ್ರತವಿರುವಂತೆ, ಇದು ಶಕ್ತಿಯನ್ನರಿತು ವಿಧಿಸಿದ ನಿಯಮ.

ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಎಂದು ಕರ್ಮಕ್ಕೆ ಮೂರು ದಾರಿಗಳನ್ನು ನಾವು ಬಲ್ಲೆವು. ನಕ್ಷೆಯೆಂಬುದು ಸಾವಿರ ಕೈಗಳಿಂದ ಮಾಡಿಸುವ ಆಜ್ಞೆ. ಮೊದಲ ಗೆರೆ ಎಳೆಯುವಾಗ ಒಂದು ಕ್ಷಣ ತಡೆದರೆ ತಪ್ಪುವ ಹಾನಿಯನ್ನು, ವಸ್ತು ಲಕ್ಷ ಮನೆಗಳನ್ನು ಸೇರಿದ ಮೇಲೆ ಯಾರೂ ತಡೆಯಲಾರರು. ಇನ್ನು, ಬಾಳುವುದನ್ನು ಬಿಟ್ಟು ಬೇಗ ಹಾಳಾಗುವುದನ್ನು ಅಗ್ಗವೆಂದು ಕೊಳ್ಳುವ ನಮ್ಮ ಅನುಮೋದನೆಯ ಲೆಕ್ಕವನ್ನು ನಾವೇ ನೋಡಿಕೊಳ್ಳಬೇಕು.